ಮೇಜಿನ ಮೇಲಿನ ಲಾರಿ

ಮದ್ದೂರಿನಿಂದ ಮಂಡ್ಯಕ್ಕೆ ಬರುವ ಹಳೆಯ ರಸ್ತೆಯಲ್ಲಿ ಕಬ್ಬಿನ ಲಾರಿಯ ಹಿಂದೆ ಸಿಕ್ಕಿಕೊಂಡವರು ಸಾಮಾನ್ಯವಾಗಿ ಹಾರ್ನ್ ಒತ್ತುತ್ತಾರೆ, ಇಲ್ಲವೇ ಹಣೆ ಚಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಅದು ಸುಯೋಗ. ಎರಡೂ ಪಕ್ಕಕ್ಕೆ ಜೋಲುವ ಸೋಗೆಯ ಕೆಳಗೆ, ಮಣ್ಣೂ ಎಣ್ಣೆಯೂ ಕಲೆತು ಗಟ್ಟಿಯಾದ ಕಪ್ಪು ಲೇಪದ ನಡುವೆ, ಹಿಂದಿನ ಆಕ್ಸಲ್ಲಿನ ಮಧ್ಯದಲ್ಲಿ ಉಬ್ಬಿಕೊಂಡು ಎರಡೂ ಪಕ್ಕದ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲು, ಮುಂದಿನಿಂದ ಬಂದು ಅದನ್ನು ಸೇರುವ ಉದ್ದನೆಯ ಶಾಫ್ಟು, ಹೊರೆಗೆ ನೆಟ್ಟಗಾಗಿ ನಿಂತ ಕಮಾನು ಪಟ್ಟಿಗಳು, ಎಲ್ಲವೂ ಕಣ್ಣಿಗೆ ಸಿಗುವ ವೇಗದಲ್ಲಿ ಸಾಗುತ್ತಿರುತ್ತವೆ. ಈ ಚಟ ಹತ್ತಿದ್ದು ಲೆಗೊ ಬಿಡಿಭಾಗಗಳಿಂದ ಓಡುವ ಲಾರಿ ಕಟ್ಟಲು ಕುಳಿತ ಮೇಲೆ. ನೋಡಲು ಲಾರಿಯಂತಿರುವ ಆಟಿಕೆಯನ್ನು ಕಟ್ಟಲು ಲಾರಿಯ ಹೊಟ್ಟೆಯೊಳಗೆ ಏನಿದೆಯೆಂದು ತಿಳಿದಿರಬೇಕಾಗಿಲ್ಲ. ಲಾರಿಯ ಕೆಲಸ ಮಾಡಬೇಕಾದ ಆಟಿಕೆಗೆ ಆ ತಿಳಿವಳಿಕೆಯಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ಚನ್ನಪಟ್ಟಣದ ಹಾಲೆಮರದ ಲಾರಿಯನ್ನು ನಮ್ಮ ಕಡೆಯ ಮಕ್ಕಳೆಲ್ಲ ಬಲ್ಲರು. ಅರಗಿನ ಬಣ್ಣದ ಹೊಳಪು, ಮುಂಭಾಗಕ್ಕೆ ಕಟ್ಟಿದ ದಾರ, ಎಳೆದರೆ ಉರುಳುವ ನಾಲ್ಕು ಚಕ್ರ. ಅದರಿಂದ ಇದಕ್ಕಿಂತ ಹೆಚ್ಚಿನದನ್ನು ಯಾರೂ ಬಯಸುವುದಿಲ್ಲ, ಬಯಸಲೂ ಬಾರದು. ಆಮೇಲಿನ ವಯಸ್ಸಿಗೆ ಬರುತ್ತಿದ್ದದ್ದು ತೂತುಗಳಿರುವ ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟಿನಿಂದ ಬಿಗಿಯುವ ಮೆಕ್ಯಾನಿಕ್ಸ್ ಪೆಟ್ಟಿಗೆ. ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದ, ಅರ್ಧ ಇಂಚಿಗೊಂದು ತೂತಿನ ಮೆಕ್ಯಾನೊದ ವಂಶಕ್ಕೆ ಸೇರಿದ್ದು ಅದು; ನಮ್ಮ ಮನೆಯಲ್ಲಿ ಅದರ ನಟ್ಟುಗಳು ಮಂಚದ ಕೆಳಗೂ ಕಸದ ಮೊರದಲ್ಲೂ ಸಿಗುತ್ತಿದ್ದವು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಲೆಗೊ ಕಂಪನಿ ತನ್ನ ಇಟ್ಟಿಗೆಯ ಈಗಿನ ರೂಪಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಹಲ್ಲುಚಕ್ರಗಳೂ ತೂತುಗಳಿರುವ ತೊಲೆಗಳೂ ಇರುವ, ಮುಂದೆ ಟೆಕ್ನಿಕ್ ಎಂದು ಹೆಸರಾದ ಸರಣಿ ಹೊರಬಂದದ್ದು 1977ರಲ್ಲಿ. ಇದಕ್ಕೆ ನಟ್ಟಿಲ್ಲ, ಬೋಲ್ಟಿಲ್ಲ. ಒಂದು ಪ್ಲಾಸ್ಟಿಕ್ ಪಿನ್ನನ್ನು ತೂತಿಗೆ ಒತ್ತಿದರೆ ಟಕ್ಕೆಂದು ಕೂರುತ್ತದೆ. ತೊಡಕು ಇರುವುದು ಬೆಲೆಯಲ್ಲಿ. ಹೊರದೇಶದ ಆಟಿಕೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿತು; ಹಾಗಾಗಿ ನನ್ನ ಡಬ್ಬಿಗಳಲ್ಲಿರುವ ಬಿಡಿಭಾಗಗಳಲ್ಲಿ ಬಹುಪಾಲು ವಿದೇಶದಿಂದ ಬಂದ ಬಂಧುಗಳ ಸೂಟ್‌ಕೇಸಿನಲ್ಲಿ, ಚಾಕೊಲೇಟು ಮತ್ತು ಸೆಂಟಿನ ಬಾಟಲಿಗಳ ನಡುವೆ ನುಸುಳಿ ಬಂದಂಥವು.

ಟೆಕ್ನಿಕ್ ಲೋಕಕ್ಕೆ ಒಂದೇ ಕಾನೂನು. ಒಂದು ತೂತಿನ ನಡುವಿನಿಂದ ಪಕ್ಕದ ತೂತಿನ ನಡುವಿಗೆ 8 ಮಿಲಿಮೀಟರ್, ಎಲ್ಲಿ ಅಳೆದರೂ ಅಷ್ಟೇ. ಹಲ್ಲುಚಕ್ರಗಳನ್ನೂ ಇದಕ್ಕೆ ಹೊಂದುವಂತೆಯೇ ಮಾಡಿದ್ದಾರೆ. ಹಲ್ಲು ಹಲ್ಲನ್ನು ಕಚ್ಚುವ ಜಾಗದವರೆಗೆ ಅಳೆದರೆ 8 ಹಲ್ಲಿನ ಚಕ್ರದ ತ್ರಿಜ್ಯ 4 ಮಿ.ಮೀ., 24 ಹಲ್ಲಿನದು 12. ಎರಡೂ ಸೇರಿ 16, ಅಂದರೆ ಸರಿಯಾಗಿ ಎರಡು ತೂತಿನ ದೂರ. 8ಕ್ಕೆ 40 ಜೊತೆಯಾದರೆ ಮೂರು ತೂತು, 24ಕ್ಕೆ 40 ಜೊತೆಯಾದರೆ ನಾಲ್ಕು. ಆದರೆ 16 ಹಲ್ಲಿಗೂ 24 ಹಲ್ಲಿಗೂ ನೆಂಟಸ್ತನ ಕುದುರುವುದಿಲ್ಲ, ಏಕೆಂದರೆ ಅವುಗಳ ನಡುವಿನ ದೂರ 20 ಮಿ.ಮೀ., ಎರಡೂವರೆ ತೂತು. ಅರ್ಧ ತೂತನ್ನು ಒದಗಿಸುವ ವಿಶೇಷ ತುಣುಕನ್ನು ಡಬ್ಬಿಯಲ್ಲಿ ಹುಡುಕುತ್ತಾ ಕೂರಬೇಕು. ಹಳೆಯ ಮಾದರಿಯ ತೂತಿನ ಇಟ್ಟಿಗೆಗಳ ಕಾಲದಲ್ಲಿ ಕಷ್ಟ ಇನ್ನೂ ಹೆಚ್ಚಿತ್ತು. ಇಟ್ಟಿಗೆಯ ಎತ್ತರ 9.6 ಮಿ.ಮೀ. ಆದ್ದರಿಂದ ಒಂದರ ಮೇಲೊಂದು ಇಟ್ಟರೆ ತೂತುಗಳ ನಡುವಿನ ದೂರ ಯಾವ ಚಕ್ರಕ್ಕೂ ಒಗ್ಗದು, ನಡುವೆ 3.2 ಮಿ.ಮೀ. ದಪ್ಪದ ಎರಡು ತೆಳು ಹಲಗೆಗಳನ್ನು ಇಟ್ಟರೆ ಮಾತ್ರ ಲೆಕ್ಕ ಮತ್ತೆ 16ಕ್ಕೆ ಬರುತ್ತದೆ. ಇದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ ಹಿರಿಯ ಹವ್ಯಾಸಿಗಳಿಗೆ ಈಗಿನ ತೊಲೆಗಳು ತೀರಾ ಸಲೀಸೆನಿಸಿದರೆ ಆಶ್ಚರ್ಯವಿಲ್ಲ.

ವಿನ್ಯಾಸ ಶುರುವಾಗಬೇಕಾದದ್ದು ಚಕ್ರದಿಂದ. ತೊಲೆಯನ್ನು ಬೇಕಾದ ಉದ್ದಕ್ಕೆ ಜೋಡಿಸಿಕೊಳ್ಳಬಹುದು, ಟೈರನ್ನು ಮಾತ್ರ ಕಂಪನಿ ಕೊಟ್ಟ ಅಳತೆಯಲ್ಲೇ ಒಪ್ಪಿಕೊಳ್ಳಬೇಕು. ನನ್ನಲ್ಲಿದ್ದದ್ದು 62.4 ಮಿ.ಮೀ. ವ್ಯಾಸದ ಟೈರುಗಳು. ನಮ್ಮ ರಸ್ತೆಯ ಲಾರಿಯ ಟೈರು ಒಂದು ಮೀಟರಿಗಿಂತ ತುಸು ಎತ್ತರ. ಹಾಗಾದರೆ ನಾನು ಕಟ್ಟುವ ಲಾರಿ ನಿಜವಾದದ್ದರ ಹದಿನೇಳರಲ್ಲಿ ಒಂದು ಪಾಲು. ಸುಮಾರು 2.4 ಮೀಟರ್ ಅಗಲದ ಲಾರಿ ಈ ಲೆಕ್ಕದಲ್ಲಿ 141 ಮಿ.ಮೀ. ಆಗುತ್ತದೆ, ಎಂಟರಿಂದ ಭಾಗಿಸಿದರೆ ಹದಿನೇಳೂವರೆ ತೂತನ್ನು ಸ್ವಲ್ಪ ದಾಟುತ್ತದೆ. ಗಣಿತದ ಪ್ರಕಾರ 18 ಹತ್ತಿರ. ಆದರೂ 17ನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಬೆಸಸಂಖ್ಯೆಯ ಅಗಲಕ್ಕೆ ಮಾತ್ರ ನಟ್ಟನಡುವೆ ಒಂದು ತೂತು ಇರುತ್ತದೆ, ಶಾಫ್ಟು ಹಾದುಹೋಗಬೇಕಾದದ್ದು ಆ ತೂತಿನಲ್ಲೇ. ಲಾರಿ ಅರ್ಧ ಸೆಂಟಿಮೀಟರು ಸಣಕಲಾದದ್ದನ್ನು ಈವರೆಗೆ ಯಾರೂ ಗಮನಿಸಿಲ್ಲ.

ಶಾಫ್ಟಿನ ವಿಚಾರವೇ ನನಗೆ ಈ ಕೆಲಸದಲ್ಲಿ ಅತ್ಯಂತ ರುಚಿಕರವಾದದ್ದು. ಆರು ಪೆನ್ಸಿಲ್ ಸೆಲ್ಲು ಹಿಡಿಸುವ 9 ವೋಲ್ಟಿನ ಡಬ್ಬಿ, ಅದಕ್ಕೆ ಲಗತ್ತಾದ ದೊಡ್ಡ ಮೋಟಾರು. ಹೊರೆಯಿಲ್ಲದಿದ್ದರೆ ಅದು ನಿಮಿಷಕ್ಕೆ ಸುಮಾರು 220 ಸುತ್ತು ತಿರುಗುತ್ತದೆ. ಅದನ್ನು ನೇರವಾಗಿ ಚಕ್ರಕ್ಕೆ ಕೊಟ್ಟರೆ, ಹದಿನೇಳರ ಪ್ರಮಾಣದಲ್ಲಿ ಹೇಳುವುದಾದರೆ, ಗಂಟೆಗೆ 44 ಕಿ.ಮೀ. ವೇಗ ಬರುತ್ತದೆ, ಆದರೆ ಎಳೆಯುವ ಶಕ್ತಿ ಸಾಲದು. 12 ಹಲ್ಲಿನ ಓರೆಚಕ್ರದಿಂದ ಡಿಫರೆನ್ಷಿಯಲ್ಲಿನ 28 ಹಲ್ಲಿಗೆ ಕೊಟ್ಟು ಇಳಿಸಿದರೆ ವೇಗ ಗಂಟೆಗೆ 19 ಕಿ.ಮೀ. ಆಸುಪಾಸಿಗೆ ಬರುತ್ತದೆ, ಹೊರೆ ಬಿದ್ದಾಗ ಇನ್ನೂ ಕಡಿಮೆ. ಕಬ್ಬಿನ ಲಾರಿಗೆ ಹೇಳಿ ಮಾಡಿಸಿದ ವೇಗ ಅದು. ಈಗ ಪ್ರಶ್ನೆ ಏನೆಂದರೆ, ಇಳಿಸುವುದೇನೋ ಸರಿ, ಎಲ್ಲಿ ಇಳಿಸಬೇಕು? ಮೋಟಾರಿನ ಬಾಯಲ್ಲೇ ಇಳಿಸಿಬಿಟ್ಟರೆ ಕ್ಯಾಬಿನ್ನಿನಿಂದ ಹಿಂದಿನ ಆಕ್ಸಲ್ಲಿನವರೆಗಿನ ಉದ್ದನೆಯ ಪ್ಲಾಸ್ಟಿಕ್ ಕಡ್ಡಿ ಹೆಚ್ಚಿದ ಬಲವನ್ನೆಲ್ಲ ಹೊರಬೇಕಾಗುತ್ತದೆ. ಕೂಡುವ ಚಿಹ್ನೆಯ ಆಕಾರದ ಆ ಕಡ್ಡಿಯನ್ನು ಬೆಳಕಿಗೆ ಹಿಡಿದು ಎರಡು ತುದಿಯನ್ನೂ ಎದುರುಬದುರು ತಿರುಚಿದರೆ ಅದರ ಏಣುಗಳು ನುಲಿಯುವುದು ಬರಿಗಣ್ಣಿಗೆ ಕಾಣುತ್ತದೆ. ಲಾರಿಯಲ್ಲೂ ಆಗುವುದು ಅದೇ. ಸ್ವಿಚ್ ಒತ್ತಿದರೆ ಮೋಟಾರು ತಿರುಗುತ್ತದೆ, ಕಡ್ಡಿ ನುಲಿಯುತ್ತದೆ, ಚಕ್ರ ಒಂದು ಗಳಿಗೆ ಯೋಚಿಸುತ್ತದೆ, ಆಮೇಲೆ ಲಾರಿ ಒಮ್ಮೆಲೇ ಮುಗ್ಗರಿಸಿದಂತೆ ಮುಂದಕ್ಕೆ ಜಿಗಿಯುತ್ತದೆ. ವೇಗವನ್ನು ಕೊನೆಯಲ್ಲಿ, ಆಕ್ಸಲ್ಲಿನಲ್ಲೇ ಇಳಿಸಿದರೆ ಕಡ್ಡಿ ಅರ್ಧಕ್ಕಿಂತ ಕಡಿಮೆ ಬಲ ಹೊತ್ತರೆ ಸಾಕು. ನಿಜವಾದ ಲಾರಿಯ ಕ್ರೌನ್ ಮತ್ತು ಪಿನಿಯನ್ ಎಂಬ ದೊಡ್ಡ, ಚಿಕ್ಕ ಹಲ್ಲುಚಕ್ರಗಳ ಜೋಡಿ ಹಿಂದಿನ ಆಕ್ಸಲ್ಲಿನಲ್ಲಿ ಕುಳಿತು ಮಾಡುವ ಕೆಲಸದ ಅರ್ಧ ಗುಟ್ಟು ಇದೇ. 2011ರಲ್ಲಿ ಬಂದ 2048 ತುಣುಕುಗಳ, ಯುನಿಮಾಗ್ ಎಂಬ ಲಾರಿಯ ಲೆಗೊ ಮಾದರಿಯಲ್ಲಿ ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದು, ಪ್ರತಿ ಚಕ್ರದ ಮಗ್ಗುಲಲ್ಲೇ ಹಲ್ಲುಚಕ್ರಗಳ ಜೋಡಿಯಿಟ್ಟು ವೇಗ ಇಳಿಸಿದ್ದಾರೆ. ಅದರಿಂದ ಆಕ್ಸಲ್ಲು ಚಕ್ರದ ನಡುವಿಗಿಂತ ಮೇಲಕ್ಕೇರಿ, ಹೊಟ್ಟೆ ನೆಲಕ್ಕೆ ತಾಗದೆ ಕಲ್ಲುಬಂಡೆ ಹತ್ತುವ ಅನುಕೂಲವೂ ಆಗಿದೆ.

ಡಿಫರೆನ್ಷಿಯಲ್ಲಿನ ತತ್ತ್ವವನ್ನು ನನಗೆ ಚೆನ್ನಾಗಿ ತಿಳಿಸಿದವರು ಸಕ್ಕರೆ ಕಾರ್ಖಾನೆಯ ಮುಂದೆ ಸರತಿಯಲ್ಲಿ ನಿಂತಿದ್ದ ಒಬ್ಬ ಲಾರಿ ಚಾಲಕರು. ನಾನು ಬಗ್ಗಿ ಅವರ ಗಾಡಿಯ ಕೆಳಗೆ ಇಣುಕುತ್ತಿದ್ದುದನ್ನು ಕಂಡು, "ಏನ್ ಸಾರ್, ಏನಾರ ಬಿದ್ದೋಯ್ತಾ?" ಎಂದು ಹತ್ತಿರ ಬಂದರು. ವಿಷಯ ಹೇಳಿದ ಮೇಲೆ ನಗಲಿಲ್ಲ, ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, "ಎತ್ತಿನ ಗಾಡಿ ತಿರುಗ್ಸೋದು ನೋಡಿದೀರಲ್ಲ ಸಾರ್? ಒಳಗ್ಲು ಎತ್ತು ನಿಂತಂಗೆ ಮಾಡ್ಬೇಕು, ಹೊರಗ್ಲು ಎತ್ತು ಸುತ್ತಾಕೊಂಡು ಬರ್ಬೇಕು. ಎರಡೂ ಒಂದೇ ಸಮ ನಡೆದ್ರೆ ಗಾಡಿ ಗದ್ದೆಗೇ ಹೋಯ್ತದೆ. ಡಿಫ್ರೆನ್ಸಲ್ಲು ಅದೇ ಕೆಲ್ಸ ಮಾಡೋದು" ಎಂದರು. ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಎಲ್ಲೂ ಓದಿಲ್ಲ. ಅದರ ಕೆಡುಕನ್ನೂ ಅವರೇ ಹೇಳಿದರು: ಒಂದು ಚಕ್ರ ಕೆಸರಿಗೆ ಬಿದ್ದರೆ ತಿರುಗುವುದೆಲ್ಲ ಅದೇ, ಗಟ್ಟಿ ನೆಲದ ಮೇಲಿನದು ಸುಮ್ಮನೆ ನಿಂತು ನೋಡುತ್ತದೆ. ಟಿಪ್ಪರುಗಳಲ್ಲಿ ಡಿಫರೆನ್ಷಿಯಲ್ಲನ್ನು ಲಾಕ್ ಮಾಡುವ ವ್ಯವಸ್ಥೆಯಿರುವುದು ಅದಕ್ಕೇ. ಲೆಗೊ ಲಾರಿಗಳನ್ನು ಕಲ್ಲು ಮಣ್ಣಿನ ಮೇಲೆ ಓಡಿಸಿ ಸ್ಪರ್ಧಿಸುವ ಹವ್ಯಾಸಿಗಳಲ್ಲಿ ಅನೇಕರು ಡಿಫರೆನ್ಷಿಯಲ್ಲನ್ನೇ ಕೈಬಿಟ್ಟು, ಎರಡು ಚಕ್ರಗಳನ್ನೂ ಒಂದೇ ಕಡ್ಡಿಗೆ ಪೋಣಿಸುತ್ತಾರೆ. ನನ್ನದು ರಸ್ತೆಯ ಲಾರಿ, ಅಂದರೆ ನಡುಮನೆಯ ರೆಡ್ ಆಕ್ಸೈಡ್ ನೆಲದ ಲಾರಿ, ಹಾಗಾಗಿ ಡಿಫರೆನ್ಷಿಯಲ್ಲನ್ನು ಇಟ್ಟುಕೊಂಡಿದ್ದೇನೆ.

ಮುಂದಿನ ಚಕ್ರಗಳ ಕಥೆಯೂ ಹೆಚ್ಚುಕಡಿಮೆ ಇದೇ. ತಿರುವಿನಲ್ಲಿ ಒಳಚಕ್ರದ ಮುಖ ಹೆಚ್ಚು ಹೊರಳಬೇಕು, ಹೊರಚಕ್ರದ್ದು ಕಡಿಮೆ. ಮ್ಯೂನಿಕ್ಕಿನ ಲಾಂಕೆನ್‌ಸ್ಪರ್ಗರ್ ಎಂಬ ಸಾರೋಟು ತಯಾರಕ ಕಂಡುಕೊಂಡ ಈ ಉಪಾಯಕ್ಕೆ ಇಂಗ್ಲೆಂಡಿನಲ್ಲಿ 1818ರಲ್ಲಿ ಪೇಟೆಂಟ್ ಪಡೆದದ್ದು ಅವನ ಪ್ರತಿನಿಧಿ ಅಕರ್‌ಮನ್, ಹೆಸರು ನಿಂತದ್ದೂ ಅಕರ್‌ಮನ್ನನದೇ. ಎಂಟು ಮಿಲಿಮೀಟರಿನ ಕಾನೂನಿನೊಳಗೆ ಈ ರೇಖಾಗಣಿತ ಪೂರ್ತಿ ಕೂರುವುದಿಲ್ಲ. ಹತ್ತಿರ ಹತ್ತಿರ ಬಂದರೆ ಸಾಕೆಂದು ಬಿಡುತ್ತೇನೆ.

ಇಷ್ಟೆಲ್ಲ ಆದಮೇಲೆ ಅಂದದ ಜಗಳ. ಮೋಟಾರು, ಬ್ಯಾಟರಿ ಡಬ್ಬಿ, ರಿಮೋಟಿನ ಸಂಕೇತ ಹಿಡಿಯುವ ಪೆಟ್ಟಿಗೆ, ಇವಕ್ಕೆಲ್ಲ ಜಾಗ ಬೇಕು, ಇವು ಯಾವುವೂ ಹದಿನೇಳರ ಪ್ರಮಾಣಕ್ಕೆ ಕುಗ್ಗುವುದಿಲ್ಲ. ಕ್ಯಾಬಿನ್ ಪೂರ್ತಿ ಮೋಟಾರಿನ ಪಾಲಾದಾಗ ಮಗಳು ಕೇಳಿದಳು, "ಅಪ್ಪಾ, ಡ್ರೈವರ್ ಎಲ್ಲಿ ಕೂತ್ಕೋತಾನೆ?" ಕ್ಲೀನರಿಗೂ ಜಾಗವಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಚಿತ್ರ ನೋಡಿ ಮೊದಲು ಕ್ಯಾಬಿನ್ ಕಟ್ಟಿ, ಆಮೇಲೆ ಯಂತ್ರವನ್ನು ಅದರೊಳಗೆ ತುರುಕಲು ಹೊರಡುವವರನ್ನು ನಾನು ನಂಬುವುದಿಲ್ಲ. ನಮ್ಮ ಊರುಗಳಲ್ಲಿ ಲಾರಿಯ ಬಾಡಿ ಕಟ್ಟುವವರ ಕ್ರಮವೇ ಸರಿ: ಇಂಜಿನ್ನು ಸಹಿತ ಓಡುವ ಚಾಸಿ ಮೊದಲು ಶೆಡ್ಡಿಗೆ ಬರುತ್ತದೆ, ಮರ, ತಗಡು, ಬಣ್ಣ, ಹಿಂಬದಿಯ ಹುಲಿಯೋ ಹಂಸವೋ ಎಲ್ಲ ಆಮೇಲೆ. ನಾನೂ ಬೋಳು ಚಾಸಿಯನ್ನು ಓಡಿಸಿ, ತಿರುಗಿಸಿ, ಹಲಗೆಯ ಏರನ್ನು ಹತ್ತಿಸಿ ನೋಡದೆ ಒಂದು ಬಣ್ಣದ ತುಣುಕನ್ನೂ ಮುಟ್ಟುವುದಿಲ್ಲ.

ಉಳಿದದ್ದು ಹೊರೆ. ಒಂದೂವರೆ ಅಂಗುಲ ದಪ್ಪದ ಕಬ್ಬಿನ ಜಲ್ಲೆ ಹದಿನೇಳರ ಪ್ರಮಾಣದಲ್ಲಿ ತೆಂಗಿನ ಪೊರಕೆ ಕಡ್ಡಿಯಷ್ಟಾಗುತ್ತದೆ. ಗೇಣುದ್ದಕ್ಕೆ ಕತ್ತರಿಸಿ ಜೋಡಿಸಿದರೆ 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆಗೆ ಸಾಗುವ ಲೋಡಿನ ತದ್ರೂಪ. ಆದರೆ ತೂಕ ಬಾರದು. ಉದ್ದ, ಅಗಲ, ಎತ್ತರ ಮೂರೂ ಹದಿನೇಳರಿಂದ ಕುಗ್ಗಿದಾಗ ತೂಕ 4913ರಿಂದ ಕುಗ್ಗಬೇಕು. ಎರಡು ಆಕ್ಸಲ್ಲಿನ ಲಾರಿಗೆ 2018ರ ಪರಿಷ್ಕರಣೆಗೆ ಮೊದಲು ಇದ್ದ ಒಟ್ಟು ತೂಕದ ಮಿತಿ 16.2 ಟನ್, ಭಾಗಿಸಿದರೆ 3.3 ಕಿಲೋ. ಲಾರಿಯ ಸ್ವಂತ ತೂಕ ಕಳೆದರೆ ಸುಮಾರು ಎರಡು ಕಿಲೋ ಹೊರೆ ಹೇರಲೇಬೇಕು, ಹೇರದಿದ್ದರೆ ಲಾರಿ ಎನ್ನುವ ಹೆಸರಿಗೆ ಅರ್ಥವಿಲ್ಲ. ಅಡುಗೆಮನೆಯಲ್ಲಿದ್ದ ಮಂಡ್ಯದ ಅಚ್ಚುಬೆಲ್ಲ ತೂಕಕ್ಕೂ ಸರಿ, ಸಂದರ್ಭಕ್ಕೂ ಸರಿ. ಬೆಲ್ಲ ಹೊತ್ತ ಲಾರಿ ಹೊರಟಿತು. ಮೋಟಾರಿನ ಸದ್ದು ಒಂದು ಸ್ವರ ಇಳಿಯಿತು, ಆದರೆ ನಿಲ್ಲಲಿಲ್ಲ. ಸೋತದ್ದು ಹಿಂದಿನ ಆಕ್ಸಲ್ಲು. ನಮ್ಮ ಲಾರಿಗಳಂತೆಯೇ ಇರಲೆಂದು ಎರಡೂ ಪಕ್ಕಕ್ಕೆ ಜೋಡಿ ಟೈರು ಹಾಕಿದ್ದರಿಂದ ಕಡ್ಡಿಯ ತುದಿ ಚೌಕಟ್ಟಿನಿಂದ ದೂರ ಚಾಚಿತ್ತು, ಭಾರಕ್ಕೆ ಬಾಗಿ ಹೊರಗಿನ ಟೈರುಗಳು ಮೇಲ್ಭಾಗದಲ್ಲಿ ಒಳಕ್ಕೆ ವಾಲಿದವು. ಕಬ್ಬಿಣದ ಲಾರಿಯಲ್ಲಿ ಚಕ್ರ ಕೂರುವುದು ಆಕ್ಸಲ್ಲಿನ ಹೊರಕೊಳವೆಯ ಮೇಲಿನ ಬೇರಿಂಗುಗಳ ಮೇಲೆ. ಒಳಗಿನ ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ, ಹೊರುವ ಕೆಲಸವಿಲ್ಲ. ಆ ಎರಡು ಕೆಲಸಗಳನ್ನು ಬೇರೆ ಮಾಡುವ, ಚಕ್ರ ಕೂರುವ ಹಬ್ ತುಣುಕುಗಳನ್ನು ಡಬ್ಬಿಯಿಂದ ಹೆಕ್ಕಿ, ಚೌಕಟ್ಟನ್ನು ಟೈರಿನ ಮಗ್ಗುಲವರೆಗೂ ತಂದು ಹೊಸ ಆಕ್ಸಲ್ಲು ಕಟ್ಟಿದ್ದಾಯಿತು. ಅಷ್ಟರಲ್ಲಿ ಅಮ್ಮ ಒಬ್ಬಟ್ಟಿಗೆಂದು ಅರ್ಧ ಕಿಲೋ ಇಳಿಸಿಕೊಂಡಿದ್ದರಿಂದ ಮುಂದಿನ ಪರೀಕ್ಷೆಯನ್ನು ಒಂದೂವರೆ ಕಿಲೋ ಬೆಲ್ಲ ಮತ್ತು ಅರ್ಧ ಕಿಲೋ ತೊಗರಿಬೇಳೆಯೊಂದಿಗೆ ನಡೆಸಲಾಯಿತು.