ಯಮದೂತನ ಕಪ್ಪು ಟೋಪಿ

ಮಗಳ ಕಾಟಕ್ಕೆ ‘ಕೆ-ಪಾಪ್ ಡೀಮನ್ ಹಂಟರ್ಸ್’ ಅನ್ನೋ ಕಾರ್ಟೂನ್ ಸಿನಿಮಾ ನೋಡಿದೆ. ಕೊರಿಯಾದ ಮೂವರು ಪಾಪ್ ಹಾಡುಗಾರ್ತಿಯರು ಗುಟ್ಟಾಗಿ ಪಿಶಾಚಿ ಬೇಟೆಯಾಡುವ ಕಥೆ; ಅವರಿಗೆ ಎದುರಾಳಿಗಳು ಹಾಡುಗಾರರ ವೇಷದಲ್ಲಿ ಬಂದ ಐದು ಪಿಶಾಚಿ ಹುಡುಗರು. ಒಂದು ಸಲ ಅಲ್ಲ, ಮೂರು ಸಲ. ಅವಳಿಗೆ ಹಾಡೆಲ್ಲ ಬಾಯಿಪಾಠ. ಕೊನೆಕೊನೆಗೆ ಆ ಐದು ಹುಡುಗರು ಕಪ್ಪು ನಿಲುವಂಗಿ, ಅಗಲ ಅಂಚಿನ ಕಪ್ಪು ಟೋಪಿ ಹಾಕಿಕೊಂಡು ಕುಣಿಯೋಕೆ ಬರುತ್ತಾರಲ್ಲ, ಆಗ ಕೇಳಿದಳು: “ಅಮ್ಮಾ, ಇಷ್ಟೊತ್ತು ಚೆನ್ನಾಗಿ ಡ್ರೆಸ್ ಮಾಡ್ಕೊಂಡಿದ್ರು. ಈಗ್ಯಾಕೆ ತಾತನ ಕಾಲದ ಟೋಪಿ?”

ಗೊತ್ತಿಲ್ಲ ಅಂದೆ. ಆಮೇಲೆ ಹುಡುಕೋಕೆ ಕೂತವಳು ಎರಡು ವಾರ ಅದರಲ್ಲೇ ಮುಳುಗಿಬಿಟ್ಟೆ.

ಆ ಹುಡುಗರ ತಂಡದ ಹೆಸರು ಸಾಜಾ ಬಾಯ್ಸ್. ಕೊರಿಯನ್‌ನಲ್ಲಿ ಸಾಜಾ ಅಂದರೆ ಸಿಂಹ, ದೂತ ಅಂತಲೂ ಅರ್ಥ. ‘ಜೊಸುಂಗ್ ಸಾಜಾ’ ಅಂದರೆ ಪರಲೋಕದ ದೂತ. ನಮ್ಮ ಯಮದೂತ ಅನ್ನಿ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. ಅವನ ಯಜಮಾನನ ಹೆಸರು ಯೊಮ್ರಾ, ಅದು ನಮ್ಮ ಯಮರಾಜನೇ. ಬೌದ್ಧರ ಜೊತೆ ಇಲ್ಲಿಂದ ಹೊರಟು, ಚೀನಾ ದಾಟಿ, ಕೊರಿಯಾ ಸೇರುವಷ್ಟರಲ್ಲಿ ಹೆಸರು ಸವೆದು ಹೀಗಾಗಿದೆ. ಕೋಣ ದಾರಿಯಲ್ಲೆಲ್ಲೋ ತಪ್ಪಿಸಿಕೊಂಡಿದೆ. ಅಧಿಕಾರವೂ ಸ್ವಲ್ಪ ಕಮ್ಮಿಯಾಗಿದೆ: ಅಲ್ಲಿ ಸತ್ತವರ ವಿಚಾರಣೆಗೆ ಹತ್ತು ರಾಜರು, ಇವನು ಐದನೆಯವನು.

ಇನ್ನು ಟೋಪಿ. ಅದರ ಹೆಸರು ‘ಗಾತ್’. ಕೂದಲಿನಷ್ಟು ತೆಳ್ಳಗೆ ಸೀಳಿದ ಬಿದಿರು, ಕುದುರೆ ಕೂದಲು ಸೇರಿಸಿ ಹೆಣೆದದ್ದು. ಜೋಸನ್ ರಾಜರ ಕಾಲದಲ್ಲಿ ದೊಡ್ಡ ಮನೆತನದ ಗಂಡಸರು ಹಾಕುತ್ತಿದ್ದದ್ದು. ಯಮದೂತ ಅಂದರೆ ಕಪ್ಪು ಗಾತ್, ಕಪ್ಪು ನಿಲುವಂಗಿ, ಸುಣ್ಣ ಬಳಿದಂಥ ಮುಖ ಅಂತ ಇವತ್ತು ಕೊರಿಯಾದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ತಲೆತಲಾಂತರದಿಂದ ಬಂದ ವೇಷ ಅಂತಲೇ ನಾನೂ ಅಂದುಕೊಂಡಿದ್ದೆ. ಅಲ್ಲವಂತೆ! ಹಳೆಯ ಬೌದ್ಧ ಚಿತ್ರಗಳಲ್ಲಿ ಈ ದೂತರು ಬಣ್ಣಬಣ್ಣದ ಬಟ್ಟೆ ಹಾಕಿಕೊಂಡು, ಪಕ್ಕದಲ್ಲಿ ಕುದುರೆ ನಿಲ್ಲಿಸಿಕೊಂಡು ಸಿಪಾಯಿಗಳ ಹಾಗೆ ಇದ್ದಾರೆ. ಆ ಕಪ್ಪು ವೇಷವನ್ನು ಜನರ ತಲೆಯಲ್ಲಿ ಕೂರಿಸಿದ್ದು 1977ರಲ್ಲಿ ಕೆಬಿಎಸ್ ಟೀವಿಯಲ್ಲಿ ಶುರುವಾದ ಜನಪದ ಕಥೆಗಳ ಒಂದು ಧಾರಾವಾಹಿ.

ನನಗೆ ಇಡೀ ವಿಷಯ ತಿರುಗಿ ಕಂಡಿದ್ದು ಇಲ್ಲೇ. 1970ರಲ್ಲಿ ಅಲ್ಲಿನ ಸರ್ಕಾರ ‘ಸೆಮಾವುಲ್’ ಅಂತ ಹಳ್ಳಿ ಸುಧಾರಣೆ ಶುರು ಮಾಡಿತು. ರಸ್ತೆ ಬಂತು, ಹುಲ್ಲಿನ ಸೂರು ಹೋಯಿತು. ಜೊತೆಗೆ ಮೂಢನಂಬಿಕೆ ಅಂತ ಊರ ದೇವರ ಗುಡಿಗಳನ್ನೂ ಕೆಡವಿದರು. ‘ಮುದಂಗ್’ ಅಂದರೆ ಹಾಡಿ ಕುಣಿದು ಮೈಮೇಲೆ ದೇವರು ಬರಿಸಿಕೊಳ್ಳುವ ಹೆಂಗಸರು. ಅವರನ್ನೂ ಕಾಡಿದರು. ಜೋಸನ್ ಕಾಲದಲ್ಲೂ ಅವರು ಕೀಳು ಜಾತಿಯವರೇ. ಒಂದು ಕಡೆ ಗುಡಿ ಕೆಡವುತ್ತಿದ್ದ ದಶಕದಲ್ಲೇ ಇನ್ನೊಂದು ಕಡೆ ಟೀವಿ ದೆವ್ವ, ದೂತ, ಒಂಬತ್ತು ಬಾಲದ ನರಿ ಎಲ್ಲರನ್ನೂ ಮನೆಯ ನಡುಮನೆಗೆ ಕರೆತಂದು ಕೂರಿಸಿತು. ಗುಡಿ ಹೋಯಿತು, ಕಥೆ ಉಳಿಯಿತು. ಈ ಸಿನಿಮಾದಲ್ಲಿ ಪಿಶಾಚಿ ಬೇಟೆಯಾಡುವ ಹಾಡುಗಾರ್ತಿಯರ ಮೊದಲ ತಲೆಮಾರು ಯಾರು ಹೇಳಿ? ಮುದಂಗರೇ. ಈಗಿನ ಮೂವರಲ್ಲಿ ಒಬ್ಬಳಾದ ಜೋಯಿ ಕೈಯಲ್ಲಿರುವ ಪುಟ್ಟ ಕತ್ತಿಗಳೂ ಅವರ ಪೂಜೆಯ ಕತ್ತಿಗಳೇ.

ಅದಕ್ಕೇ ಯಾರಾದರೂ “ಇದು ಅಸಲಿ ಕೊರಿಯಾ ಅಲ್ಲ, ಅಮೆರಿಕದ ಕಂಪನಿ ಮಾಡಿದ ಸರಕು” ಅಂದರೆ ನನಗೆ ಅರ್ಧ ಮಾತ್ರ ಒಪ್ಪಿಗೆ. ದುಡ್ಡಿನ ಮಾತು ನಿಜ. ಮಾಡಿದ್ದು ಸೋನಿ, ತೋರಿಸಿದ್ದು ನೆಟ್‌ಫ್ಲಿಕ್ಸ್. ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಮ್ಯಾಗಿ ಕಾಂಗ್ ಸಿಯೋಲ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದವರು. ಆದರೆ ಅಸಲಿ ಅಂತ ತೋರಿಸುವ ಕಪ್ಪು ಟೋಪಿಯೇ ಟೀವಿಯವರು ತೊಡಿಸಿದ್ದಾದರೆ, ಅಸಲಿ ಎಲ್ಲಿಂದ ಶುರು ಮಾಡೋಣ?

ನನ್ನ ತಕರಾರು ಬೇರೆ. ಯಮದೂತರನ್ನು ಕೆಟ್ಟವರನ್ನಾಗಿ ಮಾಡಿದ್ದು ನನಗೆ ಹಿಡಿಸಲಿಲ್ಲ. ಜನಪದದಲ್ಲಿ ಅವರು ಪಿಶಾಚಿಗಳಲ್ಲ. ಪಟ್ಟಿ ಹಿಡಿದು ಬರುವ ಸರ್ಕಾರಿ ಗುಮಾಸ್ತರ ಥರ. ಮನೆಯಲ್ಲಿ ಸಾವಾದರೆ ಬಾಗಿಲಾಚೆ ಅವರಿಗೆ ಊಟ ಇಡುವ ಪದ್ಧತಿ ಇತ್ತು. ದೂತರು ಮೂವರು ಅಂತ ಮೂರು ಬಟ್ಟಲು ಅನ್ನ, ಮೂರು ಜೊತೆ ಹುಲ್ಲಿನ ಚಪ್ಪಲಿ, ಸ್ವಲ್ಪ ಚಿಲ್ಲರೆ. ದೂರದ ದಾರಿ ಅಲ್ವಾ? ಹೊಟ್ಟೆ ತುಂಬಿದರೆ, ಕಾಲಿಗೆ ಚಪ್ಪಲಿ ಸಿಕ್ಕರೆ, ನಮ್ಮವರನ್ನು ಸ್ವಲ್ಪ ನಿಧಾನವಾಗಿ, ಒಳ್ಳೆ ಮಾತಿನಲ್ಲಿ ಕರೆದುಕೊಂಡು ಹೋಗಲಿ ಅಂತ. ಕೆಲವು ಕಡೆ ಉಪ್ಪುಪ್ಪಾದ ಸೋಯಾ ಸಾಸ್ ಬೇರೆ. ಬಾಯಾರಿಕೆಯಾಗಿ ನೀರು ಕುಡಿಯೋಕೆ ಅಲ್ಲಲ್ಲಿ ನಿಲ್ಲಲಿ ಅಂತ! ಸಾವಿಗೇ ಲಂಚ ಕೊಟ್ಟು ಎರಡು ನಿಮಿಷ ಗಿಟ್ಟಿಸುವ ಆಸೆ. ಓದುವಾಗ ನನಗೆ ಗಂಟಲು ಕಟ್ಟಿತು. ಇಂಥ ಬಡಪಾಯಿ ನೌಕರರನ್ನು ಸಿಕ್ಸ್ ಪ್ಯಾಕ್ ಖಳರನ್ನಾಗಿ ಮಾಡಿಬಿಟ್ಟರಲ್ಲ.

ಆದರೆ ಹುಲಿಯ ವಿಷಯದಲ್ಲಿ ಎಲ್ಲವೂ ಮಾಫಿ. ಸಿನಿಮಾದ ಆ ನೀಲಿ ಹುಲಿ, ತಲೆ ಮೇಲೆ ಆರು ಕಣ್ಣಿನ ಹಕ್ಕಿ. ಜೋಸನ್ ಕೊನೆಯ ಕಾಲದಲ್ಲಿ ಹೆಸರಿಲ್ಲದ ಕಲಾವಿದರು ಬರೆದ ಮನೆಮನೆ ಚಿತ್ರಗಳಿಂದಲೇ ಎದ್ದು ಬಂದ ಜೋಡಿ ಅದು. ಒಂದು ಪೈನ್ ಮರ, ಮೇಲೆ ಮ್ಯಾಗ್‌ಪೈ, ಅದು ಕಾಗೆ ಜಾತಿಯ ಹಕ್ಕಿ. ಕೆಳಗೆ ಹುಲಿ. ಹೊಸ ವರ್ಷಕ್ಕೆ ಬಾಗಿಲಿಗೆ ಅಂಟಿಸುತ್ತಿದ್ದರು: ಹುಲಿ ಕೆಟ್ಟದ್ದನ್ನು ಓಡಿಸಲಿ, ಹಕ್ಕಿ ಒಳ್ಳೆ ಸುದ್ದಿ ತರಲಿ. ಆದರೆ ಹುಲಿಯ ಮುಖ ನೋಡಬೇಕು ನೀವು. ಒಂದೊಂದು ಕಣ್ಣು ಒಂದೊಂದು ಕಡೆ, ಹಲ್ಲು ಹೊರಗೆ, ಪಟ್ಟೆಯ ಜೊತೆ ಚಿರತೆಯ ಚುಕ್ಕಿ. ಹಕ್ಕಿ ಮೇಲಿಂದ ಬೈಯುತ್ತಿದೆ, ಇದು ಪೆಕರನ ಹಾಗೆ ಕೇಳಿಸಿಕೊಳ್ಳುತ್ತಿದೆ. ಹುಲಿ ಅಂದರೆ ದರ್ಪದ ಸಾಹುಕಾರ, ಹಕ್ಕಿ ಅಂದರೆ ಬಡವ ಅಂತ ಓದುವವರಿದ್ದಾರೆ.

ಈಗ ಸಿನಿಮಾ ನೆನಪಿಸಿಕೊಳ್ಳಿ. ಹಕ್ಕಿಯ ತಲೆ ಮೇಲಿರುವ ಪುಟ್ಟ ಗಾತ್ ಮಾಡಿದ್ದು ಹುಲಿಗಾಗಿ, ಆದರೆ ಹಕ್ಕಿ ಅದನ್ನು ಕಿತ್ತುಕೊಳ್ಳುತ್ತಲೇ ಇರುತ್ತದೆ ಅಂತ ಸಾಜಾ ಬಾಯ್ಸ್ ನಾಯಕ ಜಿನು ಹೇಳುತ್ತಾನಲ್ಲ? ಸಾಹುಕಾರನ ಟೋಪಿ ಬಡವನ ತಲೆ ಮೇಲೆ! ಹಳೇ ಚಿತ್ರ ಗೊತ್ತಿದ್ದವರಿಗೆ ಅದೊಂದು ನಗು. ಗೊತ್ತಿಲ್ಲದ ನನ್ನ ಮಗಳಿಗೂ ನಗುವೇ. ಯಾರೂ ನಿಂತು ವಿವರಣೆ ಕೊಡುವುದಿಲ್ಲ. ನನಗೆ ಇಷ್ಟವಾಗಿದ್ದೇ ಅದು. ಸಿಯೋಲ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಈ ಹುಲಿ-ಹಕ್ಕಿಯ ಬ್ಯಾಡ್ಜ್‌ಗೆ ಜನ ಮುಗಿಬಿದ್ದರು. 2025ರಲ್ಲಿ ಆ ಮ್ಯೂಸಿಯಂಗೆ ಬಂದವರ ಲೆಕ್ಕ ಮೊದಲ ಸಲ ವರ್ಷಕ್ಕೆ 50 ಲಕ್ಷ ದಾಟಿತು.

ನಾನಂತೂ ಹುಲಿ ಗಿಡದ ಕುಂಡ ಬೀಳಿಸುವ ಸೀನ್‌ಗೆ ಬಿದ್ದವಳು. ಪಾಪ, ಪಂಜದಲ್ಲಿ ಎತ್ತಿ ನಿಲ್ಲಿಸುತ್ತದೆ, ಮತ್ತೆ ಬೀಳುತ್ತದೆ, ಮತ್ತೆ ಎತ್ತುತ್ತದೆ. ನಿನ್ನೆ ಮಗಳು ಮಲಗಿದ ಮೇಲೆ ಅದೊಂದನ್ನೇ ಹಾಕಿಕೊಂಡು ನೋಡಿದೆ.