ಗಾಯದ ಮೇಲಿನ ಜೇನು, ಹೊಟ್ಟೆಯೊಳಗಿನ ಜೇನು

ಪುಣೆಯಲ್ಲಿ ಚಳಿ ಶುರುವಾಯಿತೆಂದರೆ ಇಲ್ಲಿನ ನಮ್ಮ ಕನ್ನಡ ಬಳಗಗಳ ವಾಟ್ಸಾಪ್ ಗುಂಪುಗಳಲ್ಲಿ 'ನಿಸರ್ಗವೇ ಕೊಟ್ಟ ಆಂಟಿಬಯೋಟಿಕ್' ಎಂಬ ತಲೆಬರಹದ ಸಂದೇಶ ಮತ್ತೆ ಸುತ್ತತೊಡಗುತ್ತದೆ. ಮನೆಯಲ್ಲಿ ಜೇನುತುಪ್ಪ, ಅರಿಶಿನ, ಬೆಳ್ಳುಳ್ಳಿ, ಓಮದ ಎಣ್ಣೆ, ಲವಂಗದ ಎಣ್ಣೆ ಇಷ್ಟಿದ್ದರೆ ಡಾಕ್ಟರರ ಚೀಟಿಯೇ ಬೇಡ ಎಂಬುದು ಅದರ ಸಾರ. ಕಳಿಸುವವರು ಓದಿದವರೇ, ಅದನ್ನು ಕಂಡು 'ಅಜ್ಜಿ ಕಾಲದ ಮೂಢನಂಬಿಕೆ' ಎಂದು ನಗುವವರೂ ಓದಿದವರೇ. ಜೇನು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದು ತಾಗಿದಲ್ಲಿ ಮಾತ್ರ, ಅದೂ ಸಾಕಷ್ಟು ಗಾಢವಾಗಿ ತಾಗಿದಾಗ ಮಾತ್ರ ಕೊಲ್ಲುತ್ತದೆ. ಈ ಒಂದು ಷರತ್ತನ್ನು ಎರಡೂ ಕಡೆಯವರು ಕೈಬಿಡುತ್ತಾರೆ ಎಂಬುದೇ ನನ್ನ ತಕರಾರು.

ಜೇನಿನಲ್ಲಿ ನೀರಿನ ಅಂಶ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ, ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಸಕ್ಕರೆ. ಇಷ್ಟು ಗಾಢವಾದ ದ್ರವದೊಳಗೆ ಬಿದ್ದ ಬ್ಯಾಕ್ಟೀರಿಯಾ ತನ್ನೊಳಗಿನ ನೀರನ್ನು ಕಳೆದುಕೊಂಡು ಸೊರಗುತ್ತದೆ. ಅದರ ಮೇಲೆ ಜೇನಿಗೆ ತನ್ನದೇ ಆಮ್ಲೀಯ ಗುಣವೂ ಇದೆ, ಪಿಎಚ್ ಸುಮಾರು 4ರ ಆಸುಪಾಸಿನಲ್ಲಿರುತ್ತದೆ. ನನಗೆ ಬಹಳ ಸೊಗಸಾಗಿ ಕಾಣುವುದು ಮೂರನೆಯ ಸಂಗತಿ. ಜೇನ್ನೊಣಗಳು ಮಕರಂದಕ್ಕೆ ತಮ್ಮ ಗ್ರಂಥಿಯಿಂದ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಬೆರೆಸುತ್ತವೆ. ಪಕ್ವವಾದ ಜೇನಿನಲ್ಲಿ ಅದು ನಿದ್ರಿಸುತ್ತಿರುತ್ತದೆ. ಗಾಯದಿಂದ ಒಸರುವ ನೀರು ಸೇರಿ ಜೇನು ತುಸು ತೆಳುವಾದೊಡನೆ ಎಚ್ಚೆತ್ತು, ಗ್ಲೂಕೋಸನ್ನು ಒಡೆದು ಹೈಡ್ರೋಜನ್ ಪೆರಾಕ್ಸೈಡನ್ನು ನಿಧಾನವಾಗಿ ತಯಾರಿಸತೊಡಗುತ್ತದೆ. ಮೊಣಕಾಲು ತರಚಿಕೊಂಡು ಹೋದಾಗ ಕಾಂಪೌಂಡರ್ ಸುರಿಯುವ, ಗಾಯದ ಮೇಲೆ ಬುಸ್ಸೆಂದು ನೊರೆಯೇಳುವ ದ್ರವವೂ ಇದೇ. ಆದರೆ ಆ ಬಾಟಲಿಯಲ್ಲಿ ಅದು ಶೇ. 3ರಷ್ಟು ಇದ್ದು, ಹೊಸದಾಗಿ ಮೂಡುತ್ತಿರುವ ಚರ್ಮದ ಕೋಶಗಳನ್ನೂ ಸುಡಬಲ್ಲದು. ಜೇನಿನಲ್ಲಿ ಹುಟ್ಟುವುದು ಅದರ ಸಾವಿರದಲ್ಲೊಂದು ಪಾಲಿನ ಆಸುಪಾಸು, ಅದೂ ಬಿಡದೆ, ಗಂಟೆಗಟ್ಟಲೆ.

ಇದು ಕೇವಲ ಪುಸ್ತಕದ ಮಾತಲ್ಲ. ನಮ್ಮ ಪಕ್ಕದ, ಕನ್ನಡವನ್ನೂ ಆಡುವ ಸೊಲ್ಲಾಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಡಾ. ಸುಬ್ರಹ್ಮಣ್ಯಂ ಎಂಬ ಶಸ್ತ್ರಚಿಕಿತ್ಸಕರು 104 ಮಂದಿ ಸುಟ್ಟಗಾಯದ ರೋಗಿಗಳಲ್ಲಿ ಜೇನಿನ ಪಟ್ಟಿಯನ್ನೂ ಆಗಿನ ರೂಢಿಯ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನೂ ಹೋಲಿಸಿ, 1991ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಜೇನೇ ಮೇಲುಗೈ ಪಡೆದಿತ್ತು. ಈ ಬಗೆಯ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ತೂಗಿನೋಡಿದ 2015ರ ಕಾಕ್ರೇನ್ ವಿಮರ್ಶೆ, ಚರ್ಮದ ಅರ್ಧ ಆಳದವರೆಗಿನ ಸುಟ್ಟಗಾಯಗಳು ಜೇನಿನಿಂದ ನಾಲ್ಕೈದು ದಿನ ಬೇಗ ಮಾಯುತ್ತವೆ ಎಂದು ಹೇಳಿತು. ಮಧುಮೇಹಿಗಳ ಕಾಲಿನ ಹುಣ್ಣಿನ ವಿಷಯದಲ್ಲಿ ಮಾತ್ರ ಅಂಥ ಭರವಸೆಯನ್ನು ಅದು ಕೊಡಲಿಲ್ಲ. ಆದ್ದರಿಂದ ಸಕ್ಕರೆ ಕಾಯಿಲೆಯವರು ಪಾದದ ಹುಣ್ಣಿಗೆ ಅಡುಗೆಮನೆಯ ಜೇನು ಹಚ್ಚಿ ವಾರಗಟ್ಟಲೆ ಕಾಯುವುದು ಕಾಲನ್ನೇ ಪಣಕ್ಕಿಡುವ ಕೆಲಸ. ಆಸ್ಪತ್ರೆಯಲ್ಲಿ ಬಳಸುವ ಜೇನು ಬೇರೆ. ಅದನ್ನು ಗಾಮಾ ಕಿರಣದಿಂದ ಶುದ್ಧಗೊಳಿಸಿರುತ್ತಾರೆ. ಕಾಯಿಸಿದರೆ ಕಿಣ್ವ ಸಾಯುತ್ತದೆ, ಕಿರಣದಿಂದ ಅಷ್ಟು ಹಾನಿಯಿಲ್ಲ.

ಇನ್ನು ನುಂಗುವ ಮಾತು. ಒಂದು ಚಮಚ ಜೇನು ಹೊಟ್ಟೆಗೆ ಹೋದರೆ ಕಿಣ್ವ ಜೀರ್ಣವಾಗುತ್ತದೆ, ಸಕ್ಕರೆ ಐದು ಲೀಟರ್ ರಕ್ತದಲ್ಲಿ ಕರಗುತ್ತದೆ. ಶ್ವಾಸಕೋಶಕ್ಕೋ ಮೂತ್ರಕೋಶಕ್ಕೋ ತಲುಪುವುದು ಗ್ಲೂಕೋಸೇ ಹೊರತು ಆಂಟಿಬಯೋಟಿಕ್ ಅಲ್ಲ. ಕೆಮ್ಮಿಗೆ ಜೇನು ಹಿತವೆಂಬುದು ನಿಜ, 2019ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೂ ಅದನ್ನು ಒಪ್ಪಿತು. ಆದರೆ ಅಂಥ ಕೆಮ್ಮು ಬಹುತೇಕ ವೈರಸ್ಸಿನದು, ಆಂಟಿಬಯೋಟಿಕ್ ಬೇಡವೇ ಬೇಡ ಎಂಬ ಕಾರಣಕ್ಕೇ ಹಾಗೆ ಹೇಳಿದ್ದು.

ಹಸುಗೂಸಿನ ನಾಲಿಗೆಗೆ ಜೇನು ಮುಟ್ಟಿಸುವ ಪದ್ಧತಿಯನ್ನು ಮಾತ್ರ ನಾನು ಮುಲಾಜಿಲ್ಲದೆ ವಿರೋಧಿಸುತ್ತೇನೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಜೇನು ಕ್ಲೋಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಕೊಲ್ಲಲಾರದು. ಅವು ಜೇನಿನೊಳಗೆ ಸುಮ್ಮನೆ ಮಲಗಿರುತ್ತವೆ, ವರ್ಷ ತುಂಬದ ಮಗುವಿನ ಕರುಳಿಗೆ ಹೋದರೆ ಮೊಳೆತು ನರಗಳನ್ನು ನಿಷ್ಕ್ರಿಯಗೊಳಿಸುವ ವಿಷವನ್ನು ತಯಾರಿಸಬಲ್ಲವು. ಬಾಣಂತಿಯ ಕೋಣೆಯಲ್ಲಿ ಹಿರಿಯರ ಮಾತಿಗೆ ಎದುರಾಡುವುದು ಕಷ್ಟವೆಂದು ನನಗೂ ಗೊತ್ತು. ಹಿರಿಯರು ಬೇಜಾರಾದರೆ ಆಗಲಿ.

ಎಣ್ಣೆಗಳ ಕತೆಯೂ ಇದೇ ದಾರಿಯದು. ಓಮದ ಎಣ್ಣೆಯಲ್ಲಿ ಥೈಮಾಲ್, ಲವಂಗದ ಎಣ್ಣೆಯಲ್ಲಿ ಯುಜೆನಾಲ್ ಇವೆ. ಇವು ಬ್ಯಾಕ್ಟೀರಿಯಾದ ಹೊರಪೊರೆಯನ್ನು ಸಡಿಲಗೊಳಿಸಿ ಒಳಗಿನದನ್ನು ಸೋರಿಸುತ್ತವೆ. ಹಲ್ಲಿನ ವೈದ್ಯರು ಇಂದಿಗೂ ಜಿಂಕ್ ಆಕ್ಸೈಡ್ ಜೊತೆಗೆ ಯುಜೆನಾಲನ್ನು ಬಳಸುತ್ತಾರೆ, ಬಾಯಿ ಮುಕ್ಕಳಿಸುವ ಲಿಸ್ಟರಿನ್‌ನಲ್ಲಿ ಥೈಮಾಲ್ ಇದೆ. ಫಾರ್ವರ್ಡುಗಳಲ್ಲಿ ಬರುವ ಚಿತ್ರವನ್ನು ನೀವೂ ನೋಡಿರಬಹುದು: ಗಾಜಿನ ತಟ್ಟೆಯ ತುಂಬ ಮಂಕು ಪದರವಾಗಿ ಬೆಳೆದ ಬ್ಯಾಕ್ಟೀರಿಯಾ, ನಡುವೆ ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆ, ಅದರ ಸುತ್ತ ತಿಳಿಯಾದ ವರ್ತುಲ. ಚಿತ್ರ ಸುಳ್ಳಲ್ಲ. ಆದರೆ ಫಿನಾಯಿಲ್ ಕೂಡ ಅಂಥದೇ ವರ್ತುಲವನ್ನು ಬಿಡಿಸುತ್ತದೆ, ಅದನ್ನು ಕುಡಿಯಿರಿ ಎಂದು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ತೆಳುಗೊಳಿಸದ ಇಂಥ ಎಣ್ಣೆ ಚರ್ಮವನ್ನು ಸುಡಬಲ್ಲದು. ಕರ್ಪೂರ ಮತ್ತು ನೀಲಗಿರಿ ಎಣ್ಣೆ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಿಸಬಲ್ಲವು.

ಅರಿಶಿನದ ಪೇಟೆಂಟಿನ ಗೆಲುವನ್ನು ಅದರ ಔಷಧಿ ಗುಣಕ್ಕೆ ಸಾಕ್ಷಿಯೆಂದು ತೋರಿಸುವವರು ಬಹಳ. ಗಾಯ ಮಾಯಿಸಲು ಅರಿಶಿನವನ್ನು ಬಳಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಸಿಕ್ಕಿದ್ದ ಪೇಟೆಂಟನ್ನು, ಗೋವೆಯ ಮಾಶೆಲ್‌ನಲ್ಲಿ ಹುಟ್ಟಿದ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ದುಡಿದ ರಘುನಾಥ ಮಾಶೇಲ್ಕರ್ ಅವರ ನೇತೃತ್ವದಲ್ಲಿ ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಪ್ರಶ್ನಿಸಿತು. 1997ರಲ್ಲಿ ಅದು ರದ್ದಾಯಿತು. ಹೆಮ್ಮೆಯ ವಿಷಯವೇ. ಆದರೆ ಅಲ್ಲಿ ಸಾಬೀತಾದದ್ದು ಈ ಬಳಕೆ ನಮ್ಮಲ್ಲಿ ಹಳೆಯದು, ಹೊಸ ಶೋಧವಲ್ಲ ಎಂಬುದಷ್ಟೇ. ಅರಿಶಿನದಿಂದ ಗಾಯ ಮಾಯುತ್ತದೆಯೇ ಎಂಬ ಪ್ರಶ್ನೆಯನ್ನು ಪೇಟೆಂಟ್ ಕಚೇರಿ ತೀರ್ಮಾನಿಸಲಿಲ್ಲ.

'ಇವೆಲ್ಲ ನೈಸರ್ಗಿಕ, ಆಂಟಿಬಯೋಟಿಕ್ ಮಾತ್ರ ಕೆಮಿಕಲ್' ಎನ್ನುವವರು ಒಮ್ಮೆ ಪುಣೆಯ ಪಕ್ಕದ ಪಿಂಪ್ರಿಯ ಕಡೆ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1954ರಲ್ಲಿ ಅಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ಪೆನಿಸಿಲಿನ್ ತೆಗೆದದ್ದು ಬೂಷ್ಟಿನಿಂದ. ಅಲ್ಲಿಯೇ ದುಡಿದ ನಮ್ಮ ಕನ್ನಡ ನಾಡಿನ ವಿಜ್ಞಾನಿ ಎಂ.ಜೆ. ತಿರುಮಲಾಚಾರ್ ಅವರು, ಶಿಲೀಂಧ್ರ ಸೋಂಕಿಗೆ ಮದ್ದಾಗುವ ಹ್ಯಾಮೈಸಿನ್ ಅನ್ನು ಕಂಡುಕೊಂಡದ್ದು ಮಣ್ಣಿನ ಒಂದು ಸೂಕ್ಷ್ಮಜೀವಿಯಲ್ಲಿ. ಅದಕ್ಕೆ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದು ಊರಿನ ಹೆಸರನ್ನೇ ಇಟ್ಟರು. ಇವೂ ನಿಸರ್ಗದವೇ. ವ್ಯತ್ಯಾಸವಿಷ್ಟೇ: ಇವುಗಳನ್ನು ಬೇರ್ಪಡಿಸಿ, ಶುದ್ಧಗೊಳಿಸಿ, ಯಾರಿಗೆ ಎಷ್ಟು ಮಿಲಿಗ್ರಾಂ ಎಂದು ಅಳೆದಿದ್ದಾರೆ.

ಆ ಅಳತೆಯ ಶಿಸ್ತನ್ನು ನ್ಯೂಜಿಲೆಂಡಿನವರು ತಮ್ಮ ಮನುಕಾ ಜೇನಿಗೂ ತಂದರು. ಅದರಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಮೀಥೈಲ್‌ಗ್ಲೈಆಕ್ಸಾಲ್ ಎಂಬ ರಾಸಾಯನಿಕ ಕಿಲೋಗೆ ಎಷ್ಟು ಮಿಲಿಗ್ರಾಂ ಇದೆ ಎಂದು ಪರೀಕ್ಷಿಸಿ, ಆ ಸಂಖ್ಯೆಯನ್ನು ಬಾಟಲಿಯ ಮೇಲೆ ಅಚ್ಚುಹಾಕಿ ಮಾರುತ್ತಾರೆ. ಪುಣೆಯ ಅಂಗಡಿಗಳಲ್ಲಿ ಅದನ್ನು ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವವರೂ ಇದ್ದಾರೆ. ಇತ್ತ ಮಹಾಬಳೇಶ್ವರದ ನೇರಳೆ ಜೇನಿಗೆ, ಹಲವು ವರ್ಷಗಳಿಗೊಮ್ಮೆ ಮಾತ್ರ ಹೂಬಿಡುವ ಕಾರ್ವಿ ಎಂಬ ಪೊದೆಯ ಜೇನಿಗೆ ಅಂಥ ಚೀಟಿಯನ್ನು ಅಂಟಿಸಿದ ಬಾಟಲಿಯನ್ನು ನಾನು ಇಲ್ಲಿನ ಅಂಗಡಿಗಳಲ್ಲಿ ಕಂಡಿಲ್ಲ. ಕಣ್ಣಿಗೆ ಬೀಳುವುದು 'ಶುದ್ಧ', 'ನೈಸರ್ಗಿಕ' ಎಂಬ ಎರಡು ಪದಗಳಷ್ಟೇ. 1962ರಿಂದಲೂ ಕೇಂದ್ರೀಯ ಜೇನ್ನೊಣ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಇರುವುದು ಇದೇ ಪುಣೆಯಲ್ಲಿ. ಯಾವ ಹೂವಿನ ಜೇನು ಯಾವ ಬ್ಯಾಕ್ಟೀರಿಯಾದ ಮೇಲೆ ಎಷ್ಟು ಕೆಲಸ ಮಾಡುತ್ತದೆ, ಕಾಯಿಸಿ ಸೋಸಿದ ಮೇಲೆ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಪರೀಕ್ಷಿಸಿ ಬಾಟಲಿಯ ಮೇಲೆಯೇ ಬರೆಯುವ ವ್ಯವಸ್ಥೆ ಬರಲಿ ಎಂಬುದು ನನ್ನ ಬೇಡಿಕೆ. ಅದಕ್ಕಾಗಿ ನಾಲ್ಕು ಕಾಸು ಹೆಚ್ಚು ಕೇಳಿದರೂ ಕೊಡಲು ನಾನಂತೂ ಸಿದ್ಧ.