ಆರು ರೂಪಾಯಿಯ ಹಾಡು
'ನಮ್ಮ ಜನಕ್ಕೆ ಹಾಡು ಪುಕ್ಕಟೆ ಬೇಕು, ದುಡ್ಡು ಬಿಚ್ಚುವುದಿಲ್ಲ' ಎಂದು ಹಾಡಿನ ಕಳ್ಳತನದ ಬಗ್ಗೆ ಒಂದು ಲೇಖನದಲ್ಲಿ ಓದಿದೆ. ಅರ್ಧ ನಿಜ ಅಷ್ಟೇ. 2012ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ 'ಫ್ಲೈಟ್' ಅಂತ ಆನ್‌ಲೈನ್ ಹಾಡಿನ ಅಂಗಡಿ ತೆರೆದಿತ್ತು, ನೆನಪಿದೆಯಾ? ಕೆಲವು ಹಾಡಿಗೆ ಬರೀ 6 ರೂಪಾಯಿ. ಎಂಪಿ3 ಫೈಲು, ಬೀಗಗೀಗ ಏನೂ ಇಲ್ಲ, ಯಾವ ಫೋನಿಗೆ ಬೇಕಾದರೂ ಹಾಕಿಕೊಳ್ಳಬಹುದಿತ್ತು. ನಾನೂ ಕೊಂಡಿದ್ದೆ. ಆದರೆ 6 ರೂಪಾಯಿ ಕಟ್ಟಲು ಕಾರ್ಡಿನ 16 ಅಂಕಿ, ಆಮೇಲೆ ಪಾಸ್‌ವರ್ಡ್, ನಡುವೆ ನೆಟ್ ಹೋದರೆ ಮತ್ತೆ ಮೊದಲಿಂದ! ಯುಪಿಐ ಬಂದಿದ್ದು 2016ರಲ್ಲಿ. ಆ ಅಂಗಡಿ 2013ರ ಜೂನ್‌ನಲ್ಲೇ ಬಾಗಿಲು ಹಾಕಿತ್ತು.

ಅದೇ ಹೊತ್ತಿಗೆ ನಮ್ಮ ಬೀದಿಯ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ತುಂಬ ಹಾಡು ತುಂಬಿಸಿಕೊಡುತ್ತಿದ್ದರು. ಸುಮ್ನೆ ಅಲ್ಲ, ದುಡ್ಡು ತಗೊಂಡೇ. ಅಂದರೆ ಜನ ಕೊಡುತ್ತಿದ್ದರು, ಹಾಡು ಕಟ್ಟಿದವರಿಗೆ ಹೋಗುತ್ತಿರಲಿಲ್ಲ, ಅಲ್ವಾ?

ಇನ್ನು ಹಾಡಿನ ಕಂಪನಿಗಳ ಕಥೆ. ಸಿನಿಮಾಕ್ಕೆ ಹಾಡು ಬರೆದವರು, ರಾಗ ಹಾಕಿದವರು ಒಂದೇ ಸಲ ದುಡ್ಡು ತಗೊಂಡು ಎಲ್ಲ ಹಕ್ಕು ಬರೆದುಕೊಡುವುದು ರೂಢಿಯಾಗಿತ್ತು. 2012ರ ಕಾಪಿರೈಟ್ ತಿದ್ದುಪಡಿ ಬಂದ ಮೇಲೆ ಅವರ ರಾಯಲ್ಟಿ (ಹಾಡು ಬಳಸಿದಾಗ ಬರುವ ದುಡ್ಡಿನ ಪಾಲು) ಹಕ್ಕನ್ನು ಹಾಗೆ ಬರೆಸಿಕೊಳ್ಳುವಂತಿಲ್ಲ. ಕಳ್ಳತನ ಅಂತ ಕೇಳುಗರನ್ನೇ ಬೈಯುವವರು ಇದನ್ನು ಯಾಕೋ ಹೇಳುವುದೇ ಇಲ್ಲ.